ಸಣ್ಣ ಐಎಸ್‌ಪಿಗೆ ಡಯಲ್-ಅಪ್ ಮೋಡೆಮ್: ಯಾವ ಲೈನಿಗೆ ಯಾವ ಪೆಟ್ಟಿಗೆ

ಫೋನ್ ಲೈನಿನ ಮೇಲೆ ಊರಿಗೆ ಇಂಟರ್ನೆಟ್ ಕೊಡುವ ಐಎಸ್‌ಪಿ ಯಾವ ಕಂಪನಿಯ ಮೋಡೆಮ್ ಕೊಳ್ಳಲಿ ಎಂದು ವಿಚಾರಿಸುವ ಮೊದಲು ಎಕ್ಸ್‌ಚೇಂಜಿನ ಜೆಟಿಒ (ಕಿರಿಯ ಟೆಲಿಕಾಂ ಅಧಿಕಾರಿ) ಹತ್ತಿರ ಒಂದು ಪ್ರಶ್ನೆ ಕೇಳಬೇಕು. ನಮಗೆ ಇ1 (30 ಕರೆ ಒಟ್ಟಿಗೆ ತರುವ ಡಿಜಿಟಲ್ ಲೈನು) ಕೊಡುತ್ತೀರೋ, ಇಲ್ಲಾ ಸಾದಾ ಫೋನ್ ಲೈನುಗಳನ್ನೇ ಹಂಟಿಂಗ್ ಹಾಕಿ (ಒಂದೇ ನಂಬರಿಗೆ ಬಂದ ಕರೆ ಖಾಲಿ ಇರುವ ಲೈನಿಗೆ ಹೋಗುವಂತೆ ಮಾಡಿ) ಕೊಡುತ್ತೀರೋ? ಪೆಟ್ಟಿಗೆಯ ಆಯ್ಕೆ, ಗಿರಾಕಿಗೆ ಸಿಗುವ ವೇಗ, ಆಮೇಲಿನ ರಿಪೇರಿ ಎಲ್ಲ ಈ ಉತ್ತರದ ಮೇಲೆ ನಿಂತಿವೆ. ಮೊದಲು ಮೋಡೆಮ್ ತಂದಿಟ್ಟುಕೊಂಡು ಆಮೇಲೆ ಲೈನಿಗೆ ಅರ್ಜಿ ಹಾಕಿದರೆ, ಬಂದ ಲೈನಿಗೆ ತಂದ ಪೆಟ್ಟಿಗೆ ಹೊಂದದೆ ಹೋಗುವ ಸಾಧ್ಯತೆಯೇ ಹೆಚ್ಚು.

ಇಲ್ಲಿರುವುದು 1999ರಿಂದ 2001ರ ಸುಮಾರಿನ ಲೆಕ್ಕ; ಕೊನೆಯ ಭಾಗ ಬಿಟ್ಟು ಉಳಿದ ಸಲಹೆಯೆಲ್ಲ ಆಗ ಶುರುಮಾಡುತ್ತಿದ್ದವರಿಗೆ. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಇಂಟರ್ನೆಟ್ ಸೇವೆಯ ಪರವಾನಗಿ ಸಿಗತೊಡಗಿದಾಗ ಮೂರು ವರ್ಗ ಮಾಡಿದ್ದರು. ಇಡೀ ದೇಶಕ್ಕೆ ‘ಎ’, ಒಂದು ಟೆಲಿಕಾಂ ವೃತ್ತಕ್ಕೆ ಅಥವಾ ಬೆಂಗಳೂರಿನಂಥ ದೊಡ್ಡ ನಗರಕ್ಕೆ ‘ಬಿ’, ಒಂದು ಎಸ್‌ಎಸ್‌ಎಗೆ, ಅಂದರೆ ಹೆಚ್ಚುಕಮ್ಮಿ ಒಂದು ಜಿಲ್ಲೆಗೆ ‘ಸಿ’. ‘ಎ’ ವರ್ಗಕ್ಕೆ 2 ಕೋಟಿ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಬೇಕಿದ್ದರೆ ‘ಸಿ’ ವರ್ಗಕ್ಕೆ 3 ಲಕ್ಷ ಸಾಕಿತ್ತು. ಆ ‘ಸಿ’ ವರ್ಗದ ಅಳತೆಯ, ಹದಿನಾರರಿಂದ ಅರವತ್ತು ಲೈನಿನ ಐಎಸ್‌ಪಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದೇವೆ. ಹಳೆಯ ಪೆಟ್ಟಿಗೆಗಳನ್ನು ಇವತ್ತು ಕೂಡಿಸಿ ನಡೆಸಿ ನೋಡುವವರಿಗೆ ಬೇಕಾದದ್ದು ಕೊನೆಯ ಭಾಗದಲ್ಲಿದೆ.

56ಕೆ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗದು

ಡಿಜಿಟಲ್ ಎಕ್ಸ್‌ಚೇಂಜಿನೊಳಗೆ ಧ್ವನಿ ಸೆಕೆಂಡಿಗೆ 8000 ಸ್ಯಾಂಪಲ್‌ಗಳಾಗಿ ಓಡುತ್ತದೆ. ಒಂದೊಂದು ಸ್ಯಾಂಪಲ್‌ಗೆ 8 ಬಿಟ್. 56ಕೆ ಮೋಡೆಮಿನ ಮಾನಕವಾದ ವಿ.90 ಅದರಲ್ಲಿ 7 ಬಿಟ್ಟನ್ನು ನಂಬಿಕೊಂಡರೆ ಸೆಕೆಂಡಿಗೆ 56,000 ಬಿಟ್ ಆಯಿತು. ಇದು ನಡೆಯಬೇಕಾದರೆ ಐಎಸ್‌ಪಿ ಕಡೆಯ ಮೋಡೆಮ್ ಎಕ್ಸ್‌ಚೇಂಜಿನೊಳಕ್ಕೆ ಬಿಟ್ಟುಗಳನ್ನು ನೇರವಾಗಿ ಇಡಬೇಕು. ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಾಗುವುದು ಒಂದೇ ಕಡೆ, ಗಿರಾಕಿಯ ಲೈನ್ ಕಾರ್ಡಿನಲ್ಲಿ (ಅವನ ತಂತಿ ಎಕ್ಸ್‌ಚೇಂಜಿಗೆ ಸೇರುವ ಕಾರ್ಡು) ಮಾತ್ರ. ಐಎಸ್‌ಪಿಯೂ ಸಾದಾ ಲೈನಿನಲ್ಲೇ ಕೂತಿದ್ದರೆ ಅವನ ಕಡೆಯ ಲೈನ್ ಕಾರ್ಡಿನಲ್ಲಿ ಅನಲಾಗನ್ನು ಮತ್ತೆ ಸ್ಯಾಂಪಲ್ ಮಾಡಬೇಕಾಗುತ್ತದೆ. ಅಲ್ಲಿ ಸೇರುವ ಗದ್ದಲದಿಂದಾಗಿ ವೇಗ ಹಿಂದಿನ ಮಾನಕ ವಿ.34ರ ಮಿತಿಯಾದ 33.6ಕ್ಕೆ ನಿಲ್ಲುತ್ತದೆ.

ಹಾಗಾಗಿ ಹಂಟಿಂಗ್ ಲೈನಿಗೆ ‘56ಕೆ’ ಎಂದು ಬರೆದ ಹದಿನಾರು ಹೊರ ಮೋಡೆಮ್ ಜೋಡಿಸಿದರೂ ಗಿರಾಕಿಗೆ ಸಿಗುವುದು 33.6 ಅಥವಾ ಅದಕ್ಕೂ ಕಡಿಮೆ. ಎರಡು ಗಿರಾಕಿ ಮೋಡೆಮ್‌ಗಳು ತಮ್ಮತಮ್ಮಲ್ಲಿ 56ಕೆ ಮಾತಾಡುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಇನ್ನು ಗಿರಾಕಿಯಿಂದ ಐಎಸ್‌ಪಿ ಕಡೆಗೆ ಹೋಗುವ ದಾರಿ ವಿ.90ಯಲ್ಲೂ 33.6ರೊಳಗೇ.

ಲೈನೆಷ್ಟು

ಹತ್ತು ಚಂದಾದಾರರಿಗೆ ಒಂದು ಲೈನು ಎಂಬುದು ವಾಡಿಕೆಯ ಲೆಕ್ಕ. ಆದರೆ ಚಿಕ್ಕ ಗುಂಪಿಗೆ ಈ ಲೆಕ್ಕ ಹೊಂದುವುದಿಲ್ಲ. ನೂರರಲ್ಲಿ ಐದು ಕರೆಗೆ ಎಂಗೇಜ್ ಸಿಕ್ಕರೂ ಪರವಾಗಿಲ್ಲ ಎಂದುಕೊಂಡರೆ, ಫೋನ್ ದಟ್ಟಣೆ ಲೆಕ್ಕಹಾಕುವ ಎರ್ಲಾಂಗ್ ಬಿ ಪಟ್ಟಿಯ ಪ್ರಕಾರ (ಒಂದು ಲೈನು ಗಂಟೆಯಿಡೀ ತುಂಬಿದ್ದರೆ 1 ಎರ್ಲಾಂಗ್) 16 ಲೈನು ಹೊರುವ ಭಾರ 11.5 ಎರ್ಲಾಂಗ್, 30 ಲೈನು ಹೊರುವುದು 24.8, 60 ಲೈನು 54.6. ಗುಂಪು ದೊಡ್ಡದಾದಷ್ಟೂ ಒಂದೊಂದು ಲೈನಿನ ದುಡಿಮೆ ಹೆಚ್ಚುತ್ತದೆ. ಇದೇ ಕಾರಣಕ್ಕೆ 32 ಲೈನನ್ನು ಎರಡು ನಂಬರಿನ ಹದಿನಾರರ ಎರಡು ಗುಂಪಾಗಿ ಒಡೆಯಬಾರದು. ಒಡೆದರೆ 23 ಎರ್ಲಾಂಗ್, ಒಂದೇ ಗುಂಪಾಗಿಟ್ಟರೆ 26.7. ವೇಗದ ಮೋಡೆಮಿಗೊಂದು ನಂಬರು, ನಿಧಾನದ್ದಕ್ಕೊಂದು ನಂಬರು ಎಂದು ಜಾಹೀರಾತು ಕೊಡುವವರು ಈ ವ್ಯತ್ಯಾಸವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಸಾದಾ ಲೈನಾದರೆ: ಹೊರ ಮೋಡೆಮ್‌ಗಳ ದಾರಿ

ಹದಿನಾರು ಲೈನಿನವರೆಗೆ, ಅದೂ ಎಕ್ಸ್‌ಚೇಂಜಿನಲ್ಲಿ ಇ1 ಸಿಗದ ಊರಿನಲ್ಲಿ ಮಾತ್ರ ಇದು ಸರಿ. ಇಲ್ಲಿ ಎರಡು ಆಯ್ಕೆ: ಮೋಡೆಮ್ ಯಾವುದು, ಅವನ್ನೆಲ್ಲ ಒಂದು ಕಡೆ ಸೇರಿಸುವ ಪೆಟ್ಟಿಗೆ ಯಾವುದು.

ಮೋಡೆಮ್‌ಗೆ ಯುಎಸ್ ರೋಬೋಟಿಕ್ಸ್ ಕೊರಿಯರ್ ತೆಗೆದುಕೊಳ್ಳಿ. ಅದೇ ಕಂಪನಿಯ ಸ್ಪೋರ್ಟ್‌ಸ್ಟರ್ ಅಗ್ಗ, ಮನೆಗೆ ಅದೇ ಸಾಕು. ಆದರೆ ದಿನವಿಡೀ ಕರೆ ಎತ್ತುತ್ತಾ ಬಿಸಿಯಾಗುವ ಕೆಲಸಕ್ಕೆ, ಕೆಟ್ಟ ಲೈನಿನಲ್ಲೂ ಹಿಡಿದುಕೊಳ್ಳುವುದಕ್ಕೆ ಕೊರಿಯರ್ ಮೇಲು. ಫರ್ಮ್‌ವೇರನ್ನು (ಒಳಗಿನ ತಂತ್ರಾಂಶ) ಫ್ಲ್ಯಾಶ್ ಮಾಡಿ ಬದಲಿಸಲೂ ಬರುತ್ತದೆ. ಕಂಪ್ಯೂಟರಿನೊಳಗೆ ಕೂರುವ ವಿನ್‌ಮೋಡೆಮ್‌ನ್ನು ಐಎಸ್‌ಪಿ ಕಡೆ ಹತ್ತಿರಕ್ಕೂ ತರಬೇಡಿ. ಅದರ ಕೆಲಸವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರ್ ಮಾಡಬೇಕು, ಲಿನಕ್ಸ್‌ಗೆ ಡ್ರೈವರ್ ಸಿಗುವುದೂ ಕಷ್ಟ, ಮೋಡೆಮ್ ಮಂಕಾದಾಗ ಆರಿಸಿ ಹಚ್ಚಲು ಬೇರೆ ಸ್ವಿಚ್ಚೂ ಇಲ್ಲ. ಕಂಪನಿ ಯಾವುದೇ ಇರಲಿ, ಹದಿನಾರೂ ಒಂದೇ ಮಾದರಿ, ಒಂದೇ ಫರ್ಮ್‌ವೇರ್ ಇರಲಿ. ಬೆರಕೆ ಮಾಡಿದರೆ ಒಬ್ಬ ಗಿರಾಕಿಗೆ ಒಮ್ಮೆ ಹತ್ತುವುದು ಇನ್ನೊಮ್ಮೆ ಹತ್ತದು, ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಸೇರಿಸುವ ಪೆಟ್ಟಿಗೆಯಲ್ಲಿ ಮೂರು ದಾರಿ. ಎಲ್ಲಕ್ಕಿಂತ ಅಗ್ಗದ್ದು ಲಿನಕ್ಸ್ ಯಂತ್ರಕ್ಕೆ ಸೈಕ್ಲೇಡ್ಸ್, ಡಿಜಿ ಅಥವಾ ಇಕ್ವಿನಾಕ್ಸ್‌ನ ಬಹುಪೋರ್ಟ್ ಸೀರಿಯಲ್ ಕಾರ್ಡು. ಕರೆ ಎತ್ತಲು ಎಂಗೆಟ್ಟಿ ಎಂಬ ಪ್ರೋಗ್ರಾಂ, ಇಂಟರ್ನೆಟ್ ಕೊಂಡಿ ಕೂಡಿಸಲು ಪಿಪಿಪಿಡಿ. ರೇಡಿಯಸ್ (ಲಾಗಿನ್ ಪರೀಕ್ಷಿಸಿ ಬಳಕೆಯ ಲೆಕ್ಕ ಇಡುವ ವ್ಯವಸ್ಥೆ) ಬೇಕಾದರೆ ಪೋರ್ಟ್‌ಸ್ಲೇವ್. ಎಫ್ಐಎಫ್ಒ (ಬಂದ ಬೈಟ್‌ಗಳನ್ನು ಕೂಡಿಟ್ಟುಕೊಳ್ಳುವ ಜಾಗ) ಇಲ್ಲದ ಹಳೆಯ ಸೀರಿಯಲ್ ಚಿಪ್ ಬಳಸಬೇಡಿ. 115,200 ವೇಗದಲ್ಲಿ ಒಂದು ಪೋರ್ಟಿಗೆ ಸೆಕೆಂಡಿಗೆ 11,520 ಬೈಟ್ ಬರುತ್ತವೆ, ಹಳೆಯ ಚಿಪ್ ಬೈಟಿಗೊಮ್ಮೆ ಇಂಟರಪ್ಟ್ ಎಬ್ಬಿಸಿ ಪ್ರೊಸೆಸರನ್ನು ಕರೆಯುತ್ತದೆ. 16550ಎ ಚಿಪ್ಪಿನ 16 ಬೈಟ್ ಎಫ್ಐಎಫ್ಒವನ್ನು 14 ತುಂಬಿದಾಗ ಮಾತ್ರ ಕರೆಯುವಂತೆ ಇಟ್ಟರೆ ಅದು ಸೆಕೆಂಡಿಗೆ ಸುಮಾರು 820ಕ್ಕೆ ಇಳಿಯುತ್ತದೆ. ಈ ದಾರಿಯ ದೊಡ್ಡ ಕೊರತೆ ಎಂದರೆ ಆ ಒಂದು ಯಂತ್ರದ ಹಾರ್ಡ್ ಡಿಸ್ಕ್ ಹೋದ ದಿನ ಊರಿನ ಇಂಟರ್ನೆಟ್ಟೇ ಹೋಗುತ್ತದೆ.

ಎರಡನೆಯದು ಸಿಸ್ಕೊ 2511. ಮೋಡೆಮ್‌ಗಳಿಗೆ ಹದಿನಾರು ಅಸಿಂಕ್ ಪೋರ್ಟು, ಈಥರ್ನೆಟ್, ಲೀಸ್ಡ್ ಲೈನಿಗೆ ಸೀರಿಯಲ್ ಪೋರ್ಟು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಹೊಸದಾಗಿ ಶುರುಮಾಡುವವರಿಗೆ ಬೇರೆ ರೌಟರ್ ಕೊಳ್ಳುವ ಖರ್ಚು ಉಳಿಯುತ್ತದೆ. ಮೂರನೆಯದು ಲಿವಿಂಗ್‌ಸ್ಟನ್ ಪೋರ್ಟ್‌ಮಾಸ್ಟರ್ 2ಇ. ಹತ್ತು, ಇಪ್ಪತ್ತು, ಮೂವತ್ತು ಪೋರ್ಟಿನ ಮಾದರಿಗಳಿವೆ. ರೇಡಿಯಸ್ ಹುಟ್ಟಿದ್ದೇ ಈ ಕಂಪನಿಯಲ್ಲಿ, ಆದ್ದರಿಂದ ಆ ಭಾಗದಲ್ಲಿ ತಕರಾರಿಲ್ಲ. ಇಪ್ಪತ್ತು ದಾಟುವ ಅಂದಾಜಿದ್ದರೆ ಪೋರ್ಟ್‌ಮಾಸ್ಟರ್, ಹದಿನಾರಕ್ಕೇ ನಿಲ್ಲುವುದಾದರೆ 2511 ಎಂಬುದು ನಮ್ಮ ಸಲಹೆ.

2511ರಲ್ಲಿ ಕೇಬಲ್ಲಿನ ಒಂದು ಎಡವಟ್ಟಿದೆ. ಅದರ ಎಂಟೆಂಟು ಬಾಲದ ಆಕ್ಟಲ್ ಕೇಬಲ್ಲಿನ ತುದಿ ಆರ್‌ಜೆ45. ಅದಕ್ಕೆ 25 ಪಿನ್ನಿನ ಅಡಾಪ್ಟರ್ ಹಾಕಬೇಕು. ನೋಡಲು ಒಂದೇ ತರಹ ಇರುವ ಈ ಅಡಾಪ್ಟರುಗಳಲ್ಲಿ ಬೇಕಾದದ್ದು ‘ಎಂಎಂಒಡಿ’ ಎಂಬ ಗುರುತಿನದು. ಕರೆ ಇನ್ನೂ ಹಿಡಿದಿದೆ ಎಂದು ಮೋಡೆಮ್ ಹೇಳುವ ಕ್ಯಾರಿಯರ್ ಸಂಕೇತ ಬರುವ 8ನೇ ಪಿನ್ನನ್ನು ಅದು ರೌಟರಿನ ಡಿಎಸ್‌ಆರ್ ಪಿನ್ನಿಗೆ ಮುಟ್ಟಿಸುತ್ತದೆ. ಬೇರೆಯದನ್ನು ಹಾಕಿದರೆ ಕರೆ ಕಡಿದದ್ದು ರೌಟರಿಗೆ ಗೊತ್ತೇ ಆಗದೆ ಹೋಗಬಹುದು. ಆಗ ಹಿಂದಿನವನ ಲಾಗಿನ್ ತೆರೆದೇ ಉಳಿದು, ಮುಂದೆ ಅದೇ ಮೋಡೆಮಿಗೆ ಬಂದವನು ಅವನ ಹೆಸರಿನಲ್ಲಿ ಒಳಗೆ ಕೂರುತ್ತಾನೆ. ಗಂಟೆ ಲೆಕ್ಕದಲ್ಲಿ ಪ್ಯಾಕೇಜು ಮಾರುವ ಐಎಸ್‌ಪಿಗೆ ಇದಕ್ಕಿಂತ ದೊಡ್ಡ ಜಗಳ ಬೇಡ.

ಮೋಡೆಮ್ ಹೊಂದಿಕೆಯೂ ಇದಕ್ಕೆ ತಕ್ಕಂತೆ ಇರಬೇಕು. ಕೊರಿಯರ್‌ನಲ್ಲಿ ಎಟಿ&ಎಫ್1 ಕೊಟ್ಟು ಕಾರ್ಖಾನೆ ಹೊಂದಿಕೆಗೆ ತನ್ನಿ. ಆಮೇಲೆ ಎಸ್0=1 ಅಂದರೆ ಮೊದಲ ರಿಂಗಿಗೇ ಎತ್ತುತ್ತದೆ. &ಸಿ1 ಕ್ಯಾರಿಯರ್ ಇದ್ದಾಗ ಮಾತ್ರ ಸಿಡಿ ಸಂಕೇತ ಏರಿಸುತ್ತದೆ, &ಡಿ2 ಡಿಟಿಆರ್ (ರೌಟರ್ ‘ಸಿದ್ಧ’ ಎನ್ನುವ ಸಂಕೇತ) ಬಿದ್ದಾಗ ಕರೆ ಕಡಿಯುತ್ತದೆ, &ಬಿ1 ಸೀರಿಯಲ್ ವೇಗವನ್ನು ಒಂದೇ ಕಡೆ ನಿಲ್ಲಿಸುತ್ತದೆ. ಕೊನೆಗೆ ಇ0ಕ್ಯೂ1 ಹಾಕಿ &ಡಬ್ಲ್ಯು ಕೊಟ್ಟು ಉಳಿಸಿ. ಕ್ಯೂ1 ಮರೆತರೆ ಮೋಡೆಮ್ ‘ರಿಂಗ್’, ‘ಕನೆಕ್ಟ್’ ಎಂದು ಲಾಗಿನ್ ಪ್ರಾಂಪ್ಟಿಗೇ ಟೈಪ್ ಮಾಡುತ್ತಾ ಕೂರುತ್ತದೆ. ಡಿಪ್ ಸ್ವಿಚ್ಚುಗಳಲ್ಲಿ 1 ಮತ್ತು 5 ಎರಡೂ ಮೇಲಿರಲಿ. 1 ಕೆಳಗಿದ್ದರೆ ಮೋಡೆಮ್ ಡಿಟಿಆರನ್ನೇ ಕಡೆಗಣಿಸುತ್ತದೆ, &ಡಿ2 ಕೊಟ್ಟದ್ದು ವ್ಯರ್ಥ.

ಹಂಟಿಂಗ್ ಗುಂಪಿನ ನಿಜವಾದ ಪಿಡುಗು ಸತ್ತ ಮೋಡೆಮ್. ಹಂಟಿಂಗ್ ಸಾಲಾಗಿ ನಡೆಯುವುದಾದರೆ ಎಕ್ಸ್‌ಚೇಂಜು ಪ್ರತಿ ಕರೆಯನ್ನೂ ಮೊದಲು ಖಾಲಿ ಸಿಕ್ಕ ಲೈನಿಗೆ ಕೊಡುತ್ತದೆ. ಒಂದನೇ ಲೈನಿನ ಮೋಡೆಮ್ ಮಂಕಾಗಿ ಎತ್ತದೆ ಇದ್ದರೆ, ಅಥವಾ ಎತ್ತಿ ಕೀರಲದೆ ಸುಮ್ಮನಿದ್ದರೆ, ಕರೆ ಮಾಡಿದವನು ಕಾದು ಇಡುತ್ತಾನೆ, ಮತ್ತೆ ಹೊಡೆಯುತ್ತಾನೆ. ಅಷ್ಟರಲ್ಲಿ ಆ ಲೈನು ಮತ್ತೆ ಖಾಲಿ, ಮತ್ತೆ ಅವನಿಗೆ ಅದೇ. ಹದಿನೈದು ಮೋಡೆಮ್ ಚೆನ್ನಾಗಿದ್ದರೂ ಊರಿಗೆಲ್ಲ ನಿಮ್ಮ ಸರ್ವಿಸ್ ಬಂದ್. ಇತ್ತ ನಿಮ್ಮ ಲಾಗ್ ದಾಖಲೆಯಲ್ಲಿ ದೋಷವೊಂದೂ ಇಲ್ಲ, ಏಕೆಂದರೆ ಕರೆ ಅಲ್ಲಿಯವರೆಗೆ ಬಂದೇ ಇಲ್ಲ. ಇದಕ್ಕೆ ಮದ್ದು ಮೂರು. ಸುತ್ತು ಹಂಟಿಂಗ್ (ಪ್ರತಿ ಕರೆ ಹಿಂದಿನದರ ಮುಂದಿನ ಲೈನಿನಿಂದ ಶುರುವಾಗುವುದು) ಕೊಡಿ ಎಂದು ಬರೆದು ಕೇಳಿ. ಪ್ರತಿ ಲೈನಿನ ಸ್ವಂತ ನಂಬರಿಗೆ ದಿನಾ ಬೆಳಿಗ್ಗೆ ಒಂದೊಂದು ಕರೆ ಹೊಡೆದು ನೋಡಿ. ಲೆಕ್ಕದ ದಾಖಲೆಯಲ್ಲಿ ಯಾವ ಪೋರ್ಟಿನಲ್ಲಿ ಗಂಟೆಗಟ್ಟಲೆ ಒಂದೂ ಸೆಷನ್ ಇಲ್ಲ, ಅಥವಾ ಎಲ್ಲವೂ ಅರ್ಧ ನಿಮಿಷದ್ದು ಎಂಬುದನ್ನು ತಾನಾಗಿ ಎತ್ತಿ ತೋರಿಸುವ ಸ್ಕ್ರಿಪ್ಟ್ ಇರಲಿ. ಕೆಟ್ಟದ್ದನ್ನು ಬಿಚ್ಚಿಡುವಾಗ ಲೈನನ್ನು ಹಾಗೇ ಬಿಡಬೇಡಿ, ಅದು ಖಾಲಿ ರಿಂಗ್ ಆಗುತ್ತಲೇ ಇರುತ್ತದೆ. ಎಟಿಎಚ್1 ಕೊಟ್ಟು ಎತ್ತಿಡಿ, ಇಲ್ಲವೇ ಕ್ರೋನ್ ಮಾಡ್ಯೂಲಿನಲ್ಲಿ (ಫೋನ್ ತಂತಿಗಳು ಬಂದು ಸೇರುವ ಪಟ್ಟಿ) ಆ ತಂತಿಗಳ ಜೋಡಿಯನ್ನು ಲೂಪ್ ಮಾಡಿ. ಎಕ್ಸ್‌ಚೇಂಜಿನವರ ಭಾಷೆಯಲ್ಲಿ ಲೈನು ‘ಪಿಜಿ’ ಆಗುತ್ತದೆ, ಅಂದರೆ ಸದಾ ಎತ್ತಿಟ್ಟಂತೆ ಕಾಣುತ್ತದೆ, ಹಂಟಿಂಗ್ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ.

ಮೋಡೆಮ್‌ಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಬೇಡಿ, ಬೇಸಿಗೆಯಲ್ಲಿ ನಡುವಿನವು ಮೊದಲು ಮಂಕಾಗುತ್ತವೆ. ನಡುವೆ ಗಾಳಿಯಾಡಲು ಜಾಗ ಬಿಟ್ಟು ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಫ್ಯಾನು ಕೊಡಿ.

ಇ1 ಸಿಕ್ಕರೆ: ನಾಲ್ಕು ಪೆಟ್ಟಿಗೆ

ಇ1ರಲ್ಲಿ 30 ಕರೆ ಒಂದೇ ಕೇಬಲ್ಲಿನಲ್ಲಿ ಬರುತ್ತವೆ. ಮೋಡೆಮ್ ಎಂದರೆ ಪೆಟ್ಟಿಗೆಯೊಳಗಿನ ಡಿಎಸ್‌ಪಿ (ಸಂಕೇತ ಸಂಸ್ಕರಿಸುವ) ಚಿಪ್ಪು. ಹದಿನಾರು ಅಡಾಪ್ಟರಿಲ್ಲ, ಹದಿನಾರು ಸೀರಿಯಲ್ ಕೇಬಲ್ಲಿಲ್ಲ, ಗಿರಾಕಿಗೆ ವಿ.90 ಸಿಗುತ್ತದೆ. ಜೊತೆಗೆ ಪಿಆರ್‌ಐನಲ್ಲಿ (ಇ1 ಮೇಲಿನ ಐಎಸ್‌ಡಿಎನ್, ಅಂದರೆ ಡಿಜಿಟಲ್ ಫೋನ್ ಸೇವೆ) ಕರೆ ಮಾಡಿದವನ ನಂಬರೂ ಬಂದು ರೇಡಿಯಸ್ ದಾಖಲೆಯಲ್ಲಿ ಕೂರುತ್ತದೆ. ಪಾಸ್‌ವರ್ಡ್ ಕದ್ದವನನ್ನು ಹುಡುಕಲು ಇದೊಂದೇ ಸಾಕು. ಇ1 ಸಿಗುವುದಾದರೆ ಹೊರ ಮೋಡೆಮ್ ಯೋಚನೆಯನ್ನೇ ಬಿಡಿ.

ಪೋರ್ಟ್‌ಮಾಸ್ಟರ್ 3: ಎರಡು ಇ1, 60 ಕರೆಯವರೆಗೆ. ಮೋಡೆಮ್ ಕಾರ್ಡುಗಳು ಎಂಟು, ಹತ್ತರ ಲೆಕ್ಕದಲ್ಲಿ ಸಿಗುವುದರಿಂದ ಮೂವತ್ತಕ್ಕೆ ಶುರುಮಾಡಿ ಬೆಳೆಸಬಹುದು. ಹೊಂದಿಕೆ ಸರಳ, ಗಾತ್ರ ಸಣ್ಣದು. ‘ಸಿ’ ವರ್ಗದವರಿಗೆ ಹೇಳಿ ಮಾಡಿಸಿದ ಪೆಟ್ಟಿಗೆ ಇದೇ. ಒಂದೇ ಅಳುಕು: 1997ರಲ್ಲಿ ಲೂಸೆಂಟ್ ಲಿವಿಂಗ್‌ಸ್ಟನ್ನನ್ನು ಕೊಂಡಿತು, 1999ರಲ್ಲಿ ಅಸೆಂಡನ್ನೂ ಕೊಂಡಿತು. ಒಂದೇ ಮನೆಯಲ್ಲಿ ಎರಡು ಪೈಪೋಟಿ ಪೆಟ್ಟಿಗೆ ಇದ್ದಾಗ ಚಿಕ್ಕದರ ಭವಿಷ್ಯ ಏನೆಂದು ಯಾರಾದರೂ ಊಹಿಸಬಹುದು.

ಅಸೆಂಡ್ ಮ್ಯಾಕ್ಸ್ 4000: ನಾಲ್ಕು ಲೈನು ಹಿಡಿಯುತ್ತದೆ, ಐಎಸ್‌ಡಿಎನ್ ಗಿರಾಕಿಗಳಿಗೆ ಬಹಳ ಒಳ್ಳೆಯದು. ಹೊಂದಿಕೆ ಮೆನುವಿನೊಳಗೆ ಮೆನು, ರೂಢಿಯಾಗುವವರೆಗೆ ಕಣ್ಣಾಮುಚ್ಚಾಲೆ. ಐಎಸ್‌ಡಿಎನ್ ಗಿರಾಕಿಗಳು ಇಲ್ಲದ ಊರಿಗೆ ಇದು ಅತಿಯಾಯಿತು.

ಟೋಟಲ್ ಕಂಟ್ರೋಲ್: ಯುಎಸ್ ರೋಬೋಟಿಕ್ಸ್‌ನದು, 1997ರಿಂದ 3ಕಾಮ್ ಹೆಸರಿನಲ್ಲಿ. ದೊಡ್ಡ ಚಾಸಿ, ಕಾರ್ಡು ಕಾರ್ಡಾಗಿ ತುಂಬಿಸುವುದು. ಹಳೆಯ ಕ್ವಾಡ್ ಕಾರ್ಡಿನಲ್ಲಿ ನಾಲ್ಕೇ ಮೋಡೆಮ್, ಹೊಸ ಹೈಪರ್ ಡಿಎಸ್‌ಪಿ ಕಾರ್ಡಿನಲ್ಲಿ ಒಂದು ಇ1 ಮತ್ತು ಅದರ 30 ಮೋಡೆಮ್ ಒಟ್ಟಿಗೆ. ಮೋಡೆಮಿನ ಗುಣಕ್ಕೆ ಇದಕ್ಕೆ ಹೆಚ್ಚು ಅಂಕ. ಆದರೆ ಜಾಗ, ಕರೆಂಟು, ಎಸಿ ಮೂರನ್ನೂ ಕೇಳುತ್ತದೆ. ಎರಡು ಇ1ಗಿಂತ ಹೆಚ್ಚು ಬೆಳೆಯುವುದು ಖಾತ್ರಿ ಇದ್ದವರಿಗೆ ಮಾತ್ರ.

ಸಿಸ್ಕೊ ಎಎಸ್5300: ನಾಲ್ಕು ಇ1 ಹಿಡಿಸುತ್ತದೆ. ಮೈಕಾ ಮೋಡೆಮ್ ಮಾಡ್ಯೂಲುಗಳು ಆರು, ಹನ್ನೆರಡರ ಲೆಕ್ಕದಲ್ಲಿ. ಸಿಸ್ಕೊ ತಂತ್ರಾಂಶ ಐಓಎಸ್ ಬಲ್ಲ ಹುಡುಗರು ಎಲ್ಲ ಊರಿನಲ್ಲೂ ಸಿಗುತ್ತಾರೆ, ಅದೇ ಇದರ ದೊಡ್ಡ ಬಲ. ಎಕ್ಸ್‌ಚೇಂಜು ಪಿಆರ್‌ಐ ಕೊಡಲಾಗದೆ ಆರ್2 ಎಂಬ ಹಳೆಯ ಸಿಗ್ನಲಿಂಗಿನ ಇ1 ಕೊಟ್ಟರೆ ಇದನ್ನೇ ಆರಿಸಿ. ದೇಶವಾರು ಆರ್2 ಹೊಂದಿಕೆಯ ಪಟ್ಟಿಯಲ್ಲಿ ಭಾರತವೂ ಇದೆ. ಉಳಿದ ಪೆಟ್ಟಿಗೆಗಳಲ್ಲಿ ನಿಮ್ಮ ಎಕ್ಸ್‌ಚೇಂಜಿನ ಆರ್2 ಓಡುತ್ತದೆಯೇ ಎಂದು ಓಡಿಸಿ ತೋರಿಸದ ಹೊರತು ಹಣ ಕೊಡಬೇಡಿ. ‘ಶೋ ಮೋಡೆಮ್’ ಕೊಟ್ಟರೆ ಒಂದೊಂದು ಮೋಡೆಮಿನ ಯಶಸ್ಸು ಶೇಕಡಾ ಎಷ್ಟು ಎಂದು ಸಾಲಾಗಿ ಬರುತ್ತದೆ. ತೊಂಬತ್ತಿನ ನಡುವೆ ಒಂದು ಮೂವತ್ತು ಕಂಡರೆ ಅದೇ ನಿಮ್ಮ ಸತ್ತ ಮೋಡೆಮ್.

56ಕೆಗೆ ಮೊದಲು ಎರಡು ಪಂಗಡ ಇದ್ದವು: ಯುಎಸ್ ರೋಬೋಟಿಕ್ಸ್‌ನ ಎಕ್ಸ್2, ರಾಕ್‌ವೆಲ್ ಮತ್ತು ಲೂಸೆಂಟ್ ಕಡೆಯ ಕೆ56ಫ್ಲೆಕ್ಸ್. 1998ರಲ್ಲಿ ವಿ.90 ಬಂದು ಜಗಳ ತೀರಿದರೂ ಗಿರಾಕಿಗಳ ಮನೆಯಲ್ಲಿ ಹಳೆಯವು ಉಳಿದಿವೆ. ನಿಮ್ಮೂರಿನ ಕಂಪ್ಯೂಟರ್ ಅಂಗಡಿಗಳು ಹೆಚ್ಚಾಗಿ ಯಾವ ಚಿಪ್ಪಿನ ಮೋಡೆಮ್ ಹಾಕಿ ಮಾರುತ್ತಿವೆ ಎಂದು ನೋಡಿ, ಅಂಥದ್ದೇ ಮೂರ್ನಾಲ್ಕು ತಂದು ಪೆಟ್ಟಿಗೆಗೆ ಹೊಡೆದು ಪರೀಕ್ಷಿಸಿ. ಕಂಪನಿಯ ಕರಪತ್ರಕ್ಕಿಂತ ಇದು ನಂಬಿಕಸ್ಥ.

ಇ1 ಬಂದ ದಿನ

ಎಕ್ಸ್‌ಚೇಂಜಿನವರು 75 ಓಮ್‌ನ ಬಿಎನ್‌ಸಿ ಕೋಆಕ್ಸ್ ಕೊಟ್ಟು, ನಿಮ್ಮ ಪೆಟ್ಟಿಗೆ 120 ಓಮ್‌ನ ಆರ್‌ಜೆ45 ಕೇಳಿದರೆ ನಡುವೆ ಬಲೂನ್ ಎಂಬ ಚಿಕ್ಕ ತುಂಡು ಬೇಕು. ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಅದು ಕೈಕೊಡುವುದು ಭಾನುವಾರವೇ. ಪೆಟ್ಟಿಗೆಯ ಹೊಂದಿಕೆಯಲ್ಲಿ ಲೈನ್ ಕೋಡಿಂಗ್ ಎಚ್‌ಡಿಬಿ3. ಸಿಆರ್‌ಸಿ4 (ದೋಷ ಪತ್ತೆಯ ಪರೀಕ್ಷೆ) ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಲಿಂಕ್ ಏಳುವುದಿಲ್ಲ, ಎದ್ದರೂ ಅಲಾರ್ಮ್ ನಿಲ್ಲುವುದಿಲ್ಲ. ಕಂಪ್ಯಾಂಡಿಂಗ್ (ಧ್ವನಿಯನ್ನು 8 ಬಿಟ್ಟಿಗೆ ಇಳಿಸುವ ಕ್ರಮ) ಎ-ಲಾ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಕ್ಲಾಕ್. ಪೆಟ್ಟಿಗೆ ಗಡಿಯಾರವನ್ನು ಲೈನಿನಿಂದ ತೆಗೆದುಕೊಳ್ಳಬೇಕು. ಅದು ತನ್ನದೇ ಗಡಿಯಾರದಲ್ಲಿ ಓಡುತ್ತಿದ್ದು ಎಕ್ಸ್‌ಚೇಂಜಿಗೂ ಅದಕ್ಕೂ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸವಿದ್ದರೆ, ಸೆಕೆಂಡಿಗೆ 20.48 ಲಕ್ಷ ಬಿಟ್‌ನಲ್ಲಿ ನೂರೆರಡು ಬಿಟ್ ಜಾರುತ್ತವೆ. 256 ಬಿಟ್ಟಿನ ಒಂದು ಫ್ರೇಮ್ ಎರಡೂವರೆ ಸೆಕೆಂಡಿಗೊಮ್ಮೆ ತಪ್ಪುತ್ತದೆ, ಇದೇ ಸ್ಲಿಪ್. ಫೋನ್ ಹಚ್ಚಿ ಮಾತಾಡಿದರೆ ಸಣ್ಣ ‘ಟಿಕ್’ ಅಷ್ಟೆ, ಎಕ್ಸ್‌ಚೇಂಜಿನವರು ಲೈನ್ ಚೆನ್ನಾಗಿದೆ ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮೋಡೆಮಿಗೆ ಮಾತ್ರ ಪ್ರತಿ ಸ್ಲಿಪ್ಪಿನಲ್ಲೂ ಕಾಲಡಿಯ ನೆಲ ಜರುಗಿದ ಹಾಗೆ, ರೀಟ್ರೇನ್ ಆಗುತ್ತಾ (ಮತ್ತೆ ಹೊಂದಿಸಿಕೊಳ್ಳುತ್ತಾ) ವೇಗ ಇಳಿಯುತ್ತಾ ಕೊನೆಗೆ ಕಡಿಯುತ್ತದೆ. ಎಲ್ಲ ಗಿರಾಕಿಗಳೂ ಒಟ್ಟಿಗೆ ‘ಕನೆಕ್ಟ್ ಆಗುತ್ತೆ, ಆಮೇಲೆ ಬಿಟ್ಟುಹೋಗುತ್ತೆ’ ಎಂದರೆ ಮೋಡೆಮ್ ಕಾರ್ಡ್ ಬದಲಿಸುವ ಮೊದಲು (ಸಿಸ್ಕೊದಲ್ಲಿ) ‘ಶೋ ಕಂಟ್ರೋಲರ್ಸ್ ಇ1’ ಕೊಟ್ಟು ಸ್ಲಿಪ್ ಎಣಿಕೆ ನೋಡಿ. ಅದು ಸೊನ್ನೆಯಲ್ಲೇ ನಿಂತಿರಬೇಕು.

ಒಬ್ಬಿಬ್ಬರಿಗೆ ಮಾತ್ರ 56ಕೆ ಸಿಗದಿದ್ದರೆ ತೊಂದರೆ ಅವರ ಕಡೆಯದು: ದೂರದ ತಂತಿ, ಒದ್ದೆಯಾದ ಜಾಯಿಂಟು, ಅಥವಾ ಒಂದೇ ಜೋಡಿಯಲ್ಲಿ ಎರಡು ಫೋನು ಓಡಿಸುವ ಪೇರ್‌ಗೇನ್ ಉಪಕರಣ.

ರೇಡಿಯಸ್, ಸಿಡಿಲು, ಬಿಡಿಭಾಗ

ಹಳೆಯ ಪೆಟ್ಟಿಗೆಗಳು ರೇಡಿಯಸ್‌ಗೆ 1645, 1646 ಪೋರ್ಟು ಬಳಸುತ್ತವೆ, ಹೊಸ ಸರ್ವರುಗಳು 1812, 1813. ಎರಡನ್ನೂ ಹೊಂದಿಸಿ ನೋಡದೆ ಸೀಕ್ರೆಟ್ (ಪೆಟ್ಟಿಗೆ, ಸರ್ವರ್ ನಡುವಿನ ಗುಟ್ಟಿನ ಪದ) ತಪ್ಪೆಂದು ತಲೆಕೆಡಿಸಿಕೊಳ್ಳಬೇಡಿ. ಲೆಕ್ಕದ ಪ್ಯಾಕೆಟ್ ಹೋಗುವುದು ತಲುಪುವ ಖಾತ್ರಿ ಇಲ್ಲದ ಯುಡಿಪಿಯಲ್ಲಿ, ಕರೆ ಮುಗಿಯಿತೆನ್ನುವ ‘ಸ್ಟಾಪ್’ ಕಳೆದುಹೋಗಬಹುದು. ಆಗ ಗಿರಾಕಿ ಮನೆಗೆ ಹೋಗಿ ಮಲಗಿದ್ದರೂ ಸರ್ವರ್ ಪ್ರಕಾರ ಆನ್‌ಲೈನ್, ಮರುದಿನ ಒಳಗೆ ಬಿಡುವುದಿಲ್ಲ. ಏಕಕಾಲದ ಲಾಗಿನ್ ತಡೆಯುವ ಮುನ್ನ ಪೆಟ್ಟಿಗೆಯನ್ನೇ ಕೇಳಿ ಖಚಿತಪಡಿಸಿಕೊಳ್ಳುವ ಹೊಂದಿಕೆ ಇರಲಿ. ಐಡಲ್ ಟೈಮ್‌ಔಟ್ ಹತ್ತು ನಿಮಿಷ ಸಾಕು.

ಸಿಡಿಲಿನ ಕಾಲದಲ್ಲಿ ಸಾದಾ ಲೈನಿನ ಮೋಡೆಮ್‌ಗಳು ಸಾಲಾಗಿ ಸಾಯುತ್ತವೆ. ಮಲೆನಾಡು, ಕರಾವಳಿಯಲ್ಲಿ ಪ್ರತಿ ಜೋಡಿಗೂ ಕ್ರೋನ್ ಮಾಡ್ಯೂಲಿನ ಮೇಲೆ ಜಿಡಿ ಟ್ಯೂಬ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬ್) ಕಡ್ಡಾಯ. ಆ ಮಾಡ್ಯೂಲಿನ ಅರ್ಥಿಂಗ್ ತಂತಿ ಎಲ್ಲಿಗೂ ಮುಟ್ಟದೆ ನೇತಾಡುತ್ತಿದ್ದರೆ ಟ್ಯೂಬ್ ಇದ್ದೂ ಇಲ್ಲದಂತೆ. ಹದಿನಾರು ಹೊರ ಮೋಡೆಮಿಗೆ ಎರಡು ಬಿಡಿ ಮೋಡೆಮ್, ಎರಡು ಅಡಾಪ್ಟರ್ ಇರಲಿ. ಡಿಜಿಟಲ್ ಪೆಟ್ಟಿಗೆಗೆ ಒಂದು ಮೋಡೆಮ್ ಕಾರ್ಡು, ಒಂದು ಪವರ್ ಸಪ್ಲೈ.

ಈಗ ಹಳೆಯದನ್ನು ಕೊಳ್ಳುವವರಿಗೆ

ಅಮೆರಿಕದಿಂದ ಬರುವ ಮಾಲು ಹೆಚ್ಚಾಗಿ ಟಿ1ರದ್ದು (ಇ1 ಬದಲಿಗೆ ಅಲ್ಲಿಯ ಡಿಜಿಟಲ್ ಲೈನು), ಕಂಪ್ಯಾಂಡಿಂಗ್ ಮ್ಯು-ಲಾ. ಮಾದರಿ ಸಂಖ್ಯೆಯಲ್ಲಿ ಇ1 ಹೌದೇ ಎಂದು ನೋಡಿ ಕೊಳ್ಳಿ. ಕೊರಿಯರ್ ಜೊತೆ ಬರುವ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಟೋಟಲ್ ಕಂಟ್ರೋಲ್‌ನಲ್ಲಿ ಮುಂದಿನ ಪ್ರತಿ ಕಾರ್ಡಿಗೆ ಹಿಂದಿನಿಂದ ಇನ್ನೊಂದು ಕಾರ್ಡು ಬೇಕು. ಮಾರುವವರು ಮುಂದಿನದನ್ನು ಮಾತ್ರ ಕಳಿಸಿಬಿಡುತ್ತಾರೆ, ಫೋಟೊದಲ್ಲಿ ಹಿಂಬದಿ ಕೇಳಿ ನೋಡಿ.

ಎಕ್ಸ್‌ಚೇಂಜಿನ ಬದಲು ಆಸ್ಟರಿಸ್ಕ್ (ಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುವ ತಂತ್ರಾಂಶ) ಇರುವ ಲಿನಕ್ಸ್ ಯಂತ್ರಕ್ಕೆ ಇ1 ಕಾರ್ಡು ಹಾಕಿ, ಪಿಆರ್‌ಐನ ನೆಟ್‌ವರ್ಕ್ ಬದಿಯಾಗಿ ಓಡಿಸಿ. ಗಡಿಯಾರ ಆ ಯಂತ್ರದ್ದು, ಪೆಟ್ಟಿಗೆ ಲೈನಿನಿಂದ ತೆಗೆದುಕೊಳ್ಳಲಿ. ಕೇಬಲ್ಲು ಇ1 ಕ್ರಾಸ್: 1, 2ನೇ ಪಿನ್ನು ಆಚೆಯ 4, 5ಕ್ಕೆ. ಈಥರ್ನೆಟ್ ಕ್ರಾಸ್ ಕೇಬಲ್ ಇದಕ್ಕೆ ಆಗದು. ಗಿರಾಕಿ ಕಡೆಗೆ ನೆಟ್‌ವರ್ಕ್ ಮೇಲೆ ಫೋನ್ ಓಡಿಸುವ ಅಗ್ಗದ ವಿಒಐಪಿ ಅಡಾಪ್ಟರ್ ಬಳಸಿದರೆ ಧ್ವನಿಯ ಕೋಡೆಕ್ ಜಿ.711 ಎ-ಲಾ, ಎಕೋ ಕ್ಯಾನ್ಸಲರ್ ಆಫ್, ಮೌನ ಗುರುತಿಸುವುದು ಆಫ್, ಜಿಟ್ಟರ್ ಬಫರ್ ಬದಲಾಗದಂತೆ ನಿಲ್ಲಿಸಿದ್ದು. ಆಗಲೂ 33.6 ಸಿಕ್ಕರೆ ಅದೃಷ್ಟ, ಏಕೆಂದರೆ ಅಡಾಪ್ಟರಿನ ಗಡಿಯಾರ ಬೇರೆ. ವಿ.90 ನೋಡಲೇಬೇಕೆಂದರೆ ಅದೇ ಆಸ್ಟರಿಸ್ಕ್ ಯಂತ್ರಕ್ಕೆ ಇನ್ನೊಂದು ಇ1ರಲ್ಲಿ ಚಾನೆಲ್ ಬ್ಯಾಂಕ್ (ಇ1ನ್ನು ಸಾದಾ ಫೋನ್ ಲೈನುಗಳಾಗಿ ಬಿಡಿಸುವ ಪೆಟ್ಟಿಗೆ) ಜೋಡಿಸಿ, ಅದರ ಎಫ್‌ಎಕ್ಸ್‌ಎಸ್ (ಸಾದಾ ಲೈನಿನ) ಪೋರ್ಟಿನಿಂದ ಡಯಲ್ ಮಾಡಿ.